ಅಪ್‌ಡೇಟ್ ಮೂರು ಸಲ ಫೇಲ್, ಸಿ ಡ್ರೈವ್ ಕೆಂಪಗಾಗಿದೆ, ಒಳಗೆ ಮಾವನ ಮಳೆ ಲೆಕ್ಕ ಇದೆ

ತೋಟದಲೆಕ್ಕ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಅದರ ಲೆಕ್ಕಪತ್ರ ನೋಡಿಕೊಳ್ಳುವುದು ನಾನು. ಚೆಕ್‌ರೋಲ್ (ಕೆಲಸದವರ ಹಾಜರಿ), ಬಟವಾಡೆ, ಗೊಬ್ಬರದ ಬಿಲ್ಲು, ಮೆಣಸಿನ ತೂಕ ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿದೆ. 2021ರಲ್ಲಿ ತಗೊಂಡಿದ್ದು. 8 ಜಿಬಿ ರ್‍ಯಾಮ್, 128 ಜಿಬಿ ಎಸ್ಎಸ್‌ಡಿ, ವಿಂಡೋಸ್ 11 ಹೋಮ್. ಆವೃತ್ತಿ 23ಎಚ್2 ಅಂತ ತೋರಿಸುತ್ತದೆ.

ಹದಿನೈದು ದಿನದಿಂದ ದೊಡ್ಡ ಅಪ್‌ಡೇಟ್ ಹಾಕಲು ಒದ್ದಾಡುತ್ತಿದ್ದೇನೆ. ಡೌನ್‌ಲೋಡ್ ಆಗುತ್ತದೆ, ಇನ್‌ಸ್ಟಾಲ್ ಶುರುವಾಗುತ್ತದೆ, ಆಮೇಲೆ ಜಾಗ ಸಾಲದು ಅಂತ ನಿಂತುಬಿಡುತ್ತದೆ. ಕೊನೆಯಲ್ಲಿ 80070070 ಇರುವ ಕೋಡ್ ಬರುತ್ತದೆ. ಮೂರು ಸಲ ಹೀಗೇ ಆಯಿತು. ನಮ್ಮಲ್ಲಿ ಕೇಬಲ್ ಇಂಟರ್ನೆಟ್ ಇಲ್ಲ. ಫೋನಿನ ಹಾಟ್‌ಸ್ಪಾಟ್, ಅದೂ ಮೆಟ್ಟಿಲ ಹತ್ತಿರದ ಕಿಟಕಿಯಲ್ಲಿ ಇಟ್ಟರೆ ಮಾತ್ರ ಸಿಗ್ನಲ್. ಒಂದೊಂದು ಪ್ರಯತ್ನಕ್ಕೂ ಎರಡು ಮೂರು ದಿನದ ಡೇಟಾ ಹೋಗುತ್ತಿದೆ.

ಸಿ ಡ್ರೈವ್ ಒಟ್ಟು 118 ಜಿಬಿ. ಖಾಲಿ ಇರುವುದು 2.3 ಜಿಬಿ. ಕೆಂಪು ಗೆರೆ ಬಂದಿದೆ. ಹುತ್ತರಿಯ ಫೋಟೋ, ಮಗಳ ಕಾಲೇಜಿನ ವಿಡಿಯೋ, ಬೇರೆ ಕಡೆ ಇವೆ ಅಂತ ಖಾತ್ರಿ ಆದವನ್ನೆಲ್ಲ ಅಳಿಸಿದೆ. ಆದರೂ ಜಾಗ ಒಂದಿಷ್ಟೂ ಜಾಸ್ತಿ ಆಗಲಿಲ್ಲ. ಅದು ಯಾಕೆ ಅಂತ ಅರ್ಥವಾಗುತ್ತಿಲ್ಲ.

ಫಾರ್ಮ್ಯಾಟ್ ಮಾಡಿಸಿ ಅಂತ ಅಂಗಡಿಯಲ್ಲಿ ಹೇಳಿದರು. ನನಗೆ ಭಯ ಇರುವುದು ಅಲ್ಲೇ. ನಮ್ಮ ಮಾವ 1983ರಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟಿದ್ದರು. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ. ಜ್ವರ ಬಂದ ದಿನವೂ ಕೊಡೆ ಹಿಡಿದು ಮಾಪಕದ ಹತ್ತಿರ ಹೋಗುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು. ಎರಡು ಮಳೆಗಾಲ ಕೂತು ಅಷ್ಟನ್ನೂ ಎಕ್ಸೆಲ್‌ಗೆ ಹಾಕಿದ್ದೇನೆ. 2018ರ ಆಗಸ್ಟ್ ಹಾಳೆಯಲ್ಲಿ ನೀರು ಬಿದ್ದು ಶಾಯಿ ಹರಡಿದೆ. ಅಂಕಿ ಓದಲು ಟಾರ್ಚ್ ಹಿಡಿದು ನೋಡಬೇಕಾಯಿತು. ಗುಡ್ಡ ಜರಿದ ಆ ವಾರವೂ ಒಂದು ದಿನ ಬಿಟ್ಟಿಲ್ಲ ಅವರು. ಈಗಲೂ ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವಾಗ ಬಿತ್ತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಕಾದೆವು ಅಂತ ಅದನ್ನೇ ತೆಗೆದು ನೋಡುತ್ತೇವೆ. ರೊಬಸ್ಟಾಗೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು ಅಂತ ನಿರ್ಧಾರ ಮಾಡುವುದು ಅದರ ಮೇಲೆ.

ಆ ಫೈಲಿಗೆ ಏನೂ ಆಗದ ಹಾಗೆ ಜಾಗ ಮಾಡುವುದು ಹೇಗೆ? ಈಗ ಹಣ್ಣು ಕೊಯ್ಯುವ ಕೆಲಸ ಬೇರೆ ನಡೆಯುತ್ತಿದೆ. ಶನಿವಾರ ಬಟವಾಡೆಗೆ ಲ್ಯಾಪ್‌ಟಾಪ್ ಬೇಕೇ ಬೇಕು.

ಗೋಣಿಕೊಪ್ಪದ ಹುಡುಗ

ಅಕ್ಕ, ಅಳಿಸಿದ ಫೋಟೋಗಳೆಲ್ಲ ರೀಸೈಕಲ್ ಬಿನ್‌ನಲ್ಲೇ ಇರುತ್ತವೆ. ಅದನ್ನು ಖಾಲಿ ಮಾಡೋವರೆಗೆ ಜಾಗ ವಾಪಸ್ ಬರಲ್ಲ. ಮೊದಲು ಅದನ್ನು ಮಾಡಿ.

ಆಮೇಲೆ ಸಿ ಡ್ರೈವ್, ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್‌ಎಕ್ಸ್‌ಎಸ್ ಅಂತ ಒಂದಿದೆ. ನನ್ನದರಲ್ಲಿ 11 ಜಿಬಿ ತೋರಿಸ್ತಿತ್ತು. ಹಳೇ ಅಪ್‌ಡೇಟ್‌ಗಳೆಲ್ಲ ಅಲ್ಲೇ ಕೂತಿರುತ್ತವೆ. ಅದನ್ನು ತೆಗೆದರೆ ಒಂದೇ ಏಟಿಗೆ ಜಾಗ ಸಿಗುತ್ತೆ ಅಂತ ಕಾಣುತ್ತೆ. ನಾನು ಇನ್ನೂ ಮಾಡಿಲ್ಲ.

ಕುಶಾಲನಗರ ರಿಪೇರಿ

ವಿನ್‌ಎಸ್‌ಎಕ್ಸ್‌ಎಸ್ ಮುಟ್ಟಬೇಡಿ! ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮಾ, ನೀನೂ ಮುಟ್ಟಬೇಡ. ಅಲ್ಲಿ ಕಾಣುವ 11 ಜಿಬಿ ಪೂರ್ತಿ ನಿಜವಲ್ಲ. ಅಲ್ಲಿರುವ ಎಷ್ಟೋ ಫೈಲು ವಿಂಡೋಸಿನ ಬೇರೆ ಫೋಲ್ಡರ್‌ಗಳಲ್ಲೂ ಕಾಣುತ್ತವೆ, ಆದರೆ ಡಿಸ್ಕ್‌ನಲ್ಲಿ ಇರುವುದು ಒಂದೇ ಪ್ರತಿ. ಎಕ್ಸ್‌ಪ್ಲೋರರ್ ಅದನ್ನೇ ಎರಡೆರಡು ಸಲ ಲೆಕ್ಕ ಹಾಕುತ್ತದೆ. ಕೈಯಿಂದ ಅಳಿಸಿದರೆ ಜಾಗ ಅಷ್ಟು ಸಿಗಲ್ಲ, ಲ್ಯಾಪ್‌ಟಾಪ್ ಮಾತ್ರ ಏಳದೇ ಇರಬಹುದು. ಹಾಗೆ ಮಾಡಿಕೊಂಡು ನನ್ನ ಹತ್ತಿರ ತಂದವರು ಇದ್ದಾರೆ. ಅದರೊಳಗಿನ ಹಳೆಯದನ್ನು ವಿಂಡೋಸೇ ತೆಗೆಯಬೇಕು. ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಅಂತ ಬರುತ್ತದಲ್ಲ, ಆ ಕೆಲಸ ಅದರದ್ದು.

ಮೇಡಂ, ನಿಮ್ಮ ಮಳೆ ಲೆಕ್ಕದ ವಿಷಯ. ನಲವತ್ತು ವರ್ಷದ ಅಂಕಿ ಇದ್ದರೂ ಆ ಎಕ್ಸೆಲ್ ಫೈಲು ಒಂದು ಮೊಬೈಲ್ ಫೋಟೋದಷ್ಟೇ ಇರುತ್ತದೆ. ಅದರಿಂದ ಜಾಗ ತುಂಬಿಲ್ಲ. ಹಾಗಾಗಿ ಇವತ್ತೇ ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಮಗಳ ಹತ್ತಿರ ಇಡಿ. ಮೇಲ್‌ನಲ್ಲೂ ನಿಮಗೆ ನೀವೇ ಕಳಿಸಿಕೊಳ್ಳಿ. ಕಾಪಿ ಮಾಡಿ ಸುಮ್ನೆ ಬಿಡಬೇಡಿ. ಪೆನ್‌ಡ್ರೈವ್ ತೆಗೆದು ಬೇರೆ ಕಂಪ್ಯೂಟರಿಗೆ ಚುಚ್ಚಿ, ಫೈಲ್ ತೆರೆದು, 2018ರ ಆಗಸ್ಟ್ ಹಾಳೆ ಕಣ್ಣಾರೆ ನೋಡಿ. ಅದಾದ ಮೇಲೆಯೇ ಉಳಿದ ಕೆಲಸ. ಫಾರ್ಮ್ಯಾಟ್ ಈಗಲೇ ಬೇಡ, ಅದರ ಅಗತ್ಯ ಕಾಣುತ್ತಿಲ್ಲ.

ಅಪ್‌ಡೇಟ್ ಅನ್ನು ಮಾತ್ರ ಬಿಡಬೇಡಿ. 23ಎಚ್2 ಹೋಮ್‌ಗೆ 2025ರ ನವೆಂಬರ್ 11ಕ್ಕೆ ಬೆಂಬಲ ಮುಗಿದಿದೆ. ಅದರಲ್ಲೇ ಬ್ಯಾಂಕಿನ ಕೆಲಸ ಮಾಡುವುದು ಒಳ್ಳೆಯದಲ್ಲ. ನಿಮಗೆ ಬರುತ್ತಿರುವ ಕೋಡ್ ಅಂದರೆ ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತಲೇ ಅರ್ಥ, ಬೇರೆ ರೋಗ ಏನಿಲ್ಲ. ಈ ದೊಡ್ಡ ಅಪ್‌ಡೇಟ್ ಮಾಡುವಾಗ ಹೊಸ ವಿಂಡೋಸ್ ಮತ್ತು ಹಳೆಯದು ಎರಡೂ ಸ್ವಲ್ಪ ಹೊತ್ತು ಪಕ್ಕಪಕ್ಕದಲ್ಲಿ ಇರಬೇಕಾಗುತ್ತದೆ. ಡೌನ್‌ಲೋಡ್ ಹಿಡಿಸಿದರೂ ಇನ್‌ಸ್ಟಾಲ್ ನಿಲ್ಲುವುದು ಅದಕ್ಕೇ. ನಾನು 25 ಜಿಬಿ ಖಾಲಿ ಇಲ್ಲದೆ ಶುರು ಮಾಡುವುದಿಲ್ಲ.

ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಸ್ಟೋರೇಜ್. ಅಲ್ಲಿ ಟೆಂಪರರಿ ಫೈಲ್ಸ್ ತೆರೆಯಿರಿ. ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಇರುತ್ತದೆ. ಅದಕ್ಕೆ ಟಿಕ್ ಹಾಕಬೇಡಿ. ಬಿಲ್ಲು, ಆಧಾರ್ ಪ್ರತಿ, ಎಲ್ಲರದ್ದೂ ಅಲ್ಲೇ ಬಿದ್ದಿರುತ್ತದೆ. ಒಮ್ಮೆ ಹೋದರೆ ರೀಸೈಕಲ್ ಬಿನ್‌ನಲ್ಲೂ ಸಿಗಲ್ಲ. ಉಳಿದದ್ದನ್ನು ಓದಿ ನೋಡಿ ತೆಗೆಯಿರಿ.

ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಅನ್ನುವ ಫೋಲ್ಡರ್ ಖಾಲಿ ಮಾಡಿ ಅಂತ ಯಾರಾದರೂ ಹೇಳಬಹುದು. ಬೇರೆಯವರಿಗೆ ನಾನೂ ಹೇಳುತ್ತೇನೆ. ನಿಮಗೆ ಬೇಡ. ಇಳಿಸಿಕೊಂಡ ಅಪ್‌ಡೇಟ್ ಇರುವುದೇ ಅಲ್ಲಿ. ಅದು ಹೋದರೆ ಹಾಟ್‌ಸ್ಪಾಟ್‌ನಲ್ಲಿ ಪೂರ್ತಿ ಮತ್ತೆ ಇಳಿಸಬೇಕು. ಅದು ಕೊನೇ ದಾರಿ.

ಇನ್ನೂ ಸಾಲದಿದ್ದರೆ ಹೈಬರ್ನೇಟ್ ಫೈಲ್ ತೆಗೆಯಬಹುದು. ತೆರೆದಿದ್ದ ಕೆಲಸವನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಲ್ಯಾಪ್‌ಟಾಪ್ ಆರಿಸಲು ವಿಂಡೋಸ್ ಇಟ್ಟುಕೊಂಡಿರುವ ಫೈಲ್ ಅದು. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಪವರ್‌ಸಿಎಫ್‌ಜಿ ಅಂತ ಒಂದೇ ಪದ, ಒಂದು ಸ್ಪೇಸ್, ಓರೆಗೀಟು (/), ಎಚ್, ಮತ್ತೆ ಸ್ಪೇಸ್, ಆಫ್. 8 ಜಿಬಿ ರ್‍ಯಾಮ್ ಇದ್ದರೆ ಸುಮಾರು 3 ಜಿಬಿ ಸಿಗುತ್ತದೆ. ಹೈಬರ್ನೇಟ್ ಮತ್ತು ಬೇಗ ಶುರುವಾಗುವ ಫಾಸ್ಟ್ ಸ್ಟಾರ್ಟಪ್ ನಿಲ್ಲುತ್ತವೆ ಅಷ್ಟೇ. ಆಫ್ ಬದಲು ಆನ್ ಅಂತ ಹಾಕಿದರೆ ವಾಪಸ್ ಬರುತ್ತದೆ.

ಆದರೆ 118 ಜಿಬಿಯಲ್ಲಿ ಫೋಟೋನೂ ಇಲ್ಲ, ಗೇಮ್ಸೂ ಇಲ್ಲ ಅಂದರೆ ಎಲ್ಲೋ ಒಂದು ದೊಡ್ಡ ಫೋಲ್ಡರ್ ಅಡಗಿದೆ. ವಿಜ್‌ಟ್ರೀ ಅಂತ ಸಣ್ಣ ಪ್ರೋಗ್ರಾಮ್ ಇದೆ, ಮನೆ ಬಳಕೆಗೆ ದುಡ್ಡಿಲ್ಲ. ಅಡ್ಮಿನ್ ಆಗಿ ನಡೆಸಿದರೆ ಕೆಲವೇ ಸೆಕೆಂಡಿನಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಕೊಡುತ್ತದೆ. ಮುಚ್ಚಿಟ್ಟ ಫೋಲ್ಡರೂ ಕಾಣುತ್ತದೆ. ಏನು ಬಂತು ಅಂತ ಇಲ್ಲಿ ಹಾಕಿ. ಹೆಸರು ಗೊತ್ತಾಗದೆ ಏನನ್ನೂ ಅಳಿಸಬೇಡಿ.

ತೋಟದಲೆಕ್ಕ, ಸಿದ್ದಾಪುರ

ಸರ್, ತುಂಬಾ ಉಪಕಾರ. ಮೊದಲು ಮಳೆ ಫೈಲ್ ಕಾಪಿ ಮಾಡಿದೆ. 2.1 ಎಂಬಿ ಇದೆ. ಇಷ್ಟು ಚಿಕ್ಕದು ಅಂತ ನೋಡಿ ಆಶ್ಚರ್ಯವಾಯಿತು. ಪಕ್ಕದ ಮನೆ ಹುಡುಗನ ಕಂಪ್ಯೂಟರಿನಲ್ಲಿ ತೆರೆದು ಹಾಳೆ ಹಾಳೆ ನೋಡಿದೆ. ಎಲ್ಲ ಸರಿಯಾಗಿದೆ.

ರೀಸೈಕಲ್ ಬಿನ್ ಖಾಲಿ ಮಾಡಿದರೆ 5.8 ಜಿಬಿ ಬಂತು. ತಮ್ಮಾ, ನೀನು ಹೇಳಿದ್ದು ಸರಿ. ಟೆಂಪರರಿ ಫೈಲ್ಸ್‌ನಲ್ಲಿ ಇನ್ನೂ 4 ಜಿಬಿ. ಈಗ 12 ಚಿಲ್ಲರೆ ಖಾಲಿ ಇದೆ.

ಆಮೇಲೆ ವಿಜ್‌ಟ್ರೀ ಹಾಕಿದೆ. ಮೊದಲ ಸಾಲಿನಲ್ಲೇ ವಿಂಡೋಸ್. ಎರಡನೇ ಸಾಲಿನಲ್ಲಿ ಪ್ರೋಗ್ರಾಮ್‌ಡೇಟಾ, ಅದರೊಳಗೆ ಗೇಟಿನ ಕ್ಯಾಮೆರಾದ ಫೋಲ್ಡರ್. 37 ಜಿಬಿ! ಎರಡು ವರ್ಷದ ಹಿಂದೆ ಆನೆ ಬರುವುದು ಜಾಸ್ತಿ ಆಯಿತು ಅಂತ ಗೇಟಿಗೆ ಕ್ಯಾಮೆರಾ ಹಾಕಿಸಿದ್ದೆವು. ಕೆಲಸದವರು ಬೆಳಿಗ್ಗೆ ಲೈನ್ ಮನೆಯಿಂದ ಆ ದಾರಿಯಲ್ಲೇ ಬರುತ್ತಾರೆ. ಅವರು ಹೊರಡುವ ಮುಂಚೆ ಒಮ್ಮೆ ನೋಡಿ ಹೇಳೋಣ ಅಂತ. ಅದರ ಪ್ರೋಗ್ರಾಮ್ ಅನ್ನು ಲ್ಯಾಪ್‌ಟಾಪಿಗೂ ಹಾಕಿಕೊಟ್ಟಿದ್ದರು. ಏನಾದರೂ ಅಲ್ಲಾಡಿದರೆ ಸಾಕು, ಒಂದು ಕ್ಲಿಪ್ ಇಲ್ಲಿ ಬಂದು ಕೂರುತ್ತದೆ. ಹಳೆಯದು ತಾನಾಗಿ ಹೋಗುವ ಏರ್ಪಾಡು ಇರಲಿಲ್ಲ, ನಾನೂ ಕೇಳಿರಲಿಲ್ಲ.

ರಾತ್ರಿ ಹತ್ತರವರೆಗೆ ಕೂತು ನೋಡಿದೆ. ಮುಕ್ಕಾಲು ಪಾಲು ಮಂಜು. ಸಿಲ್ವರ್ ಓಕ್ ಎಲೆ ಬೀಳುವುದು. ಮಳೆಗಾಲದ ಕ್ಲಿಪ್‌ಗಳಲ್ಲಿ ದೀಪದ ಬೆಳಕಿಗೆ ಮಳೆ ಹನಿ ಹೊಳೆಯುವುದು ಬಿಟ್ಟರೆ ಇನ್ನೇನಿಲ್ಲ. ನಡುವೆ ಒಂದು, ಬೆಳಗಿನ ಜಾವ 4 ಗಂಟೆ 12 ನಿಮಿಷದ್ದು. ತಾಯಿ ಆನೆ ಗೇಟಿನ ಕಂಬಕ್ಕೆ ಮೈ ತಾಗಿಸಿಕೊಂಡು ನಿಂತಿದೆ. ಮರಿ ಅದರ ಹೊಟ್ಟೆ ಕೆಳಗಿಂದ ಈಚೆ ಬಂದು ನಮ್ಮ ನೀರಿನ ಪೈಪನ್ನು ಸೊಂಡಿಲಿನಿಂದ ಮುಟ್ಟಿ ನೋಡಿ ವಾಪಸ್ ಹೋಗುತ್ತದೆ. ಇಂಥವು ಹನ್ನೊಂದು ಸಿಕ್ಕಿವೆ. ಆನೆ ಯಾವ ತಿಂಗಳು, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ? ಇವನ್ನು ಕಳೆದುಕೊಳ್ಳಲು ಇಷ್ಟವಿಲ್ಲ. ಏನು ಮಾಡಲಿ?

ಕುಶಾಲನಗರ ರಿಪೇರಿ

ಆ ಹನ್ನೊಂದು ಖಂಡಿತ ಇಟ್ಟುಕೊಳ್ಳಿ. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಇಡೀ ಫೋಲ್ಡರ್ ಮೊದಲು ಕಾಪಿ ಮಾಡಿ. ನಾಲ್ಕೈದು ಕ್ಲಿಪ್ ಅಲ್ಲಿಂದಲೇ ಓಡಿಸಿ ನೋಡಿ. ಆಮೇಲೆ ಸಿ ಡ್ರೈವ್‌ನಿಂದ ಅಳಿಸಿ. ಕಟ್ ಪೇಸ್ಟ್ ಬೇಡ. ನಡುವೆ ಕರೆಂಟ್ ಹೋದರೆ, ಕೇಬಲ್ ಅಲುಗಿದರೆ ಯಾವುದು ಹೋಯಿತು ಯಾವುದು ಉಳಿಯಿತು ಅಂತ ಹುಡುಕುವ ಗೋಳು. ಕ್ಯಾಮೆರಾ ಪ್ರೋಗ್ರಾಮಿನ ಸೆಟ್ಟಿಂಗ್‌ನಲ್ಲಿ ಸೇವ್ ಆಗುವ ಜಾಗವನ್ನೂ ಬದಲಾಯಿಸಿ. ಇಷ್ಟು ದಿನದ್ದು ಸಾಕು ಅಂತ ಮಿತಿ ಇದ್ದರೆ ಹಾಕಿ. ಇಲ್ಲದಿದ್ದರೆ ಬರುವ ವರ್ಷ ಇದೇ ಕಥೆ.

ಅಪ್‌ಡೇಟ್ ಹಾಕುವಾಗ ಚಾರ್ಜರ್ ಚುಚ್ಚಿರಲಿ, ಯುಪಿಎಸ್ ಇದ್ದರೆ ಅದರ ಮೇಲೆ. ಮುಗಿದ ಮೇಲೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಓಲ್ಡ್ ಅಂತ ದೊಡ್ಡ ಫೋಲ್ಡರ್ ಬರುತ್ತದೆ. ಜಾಗ ಮತ್ತೆ ಕಮ್ಮಿ ಆಯಿತು ಅಂತ ಗಾಬರಿ ಬೀಳಬೇಡಿ. ಹೊಸದು ಸರಿಬರದಿದ್ದರೆ ಹಿಂದಕ್ಕೆ ಹೋಗಲು ಇಟ್ಟಿರುವುದು. ಹತ್ತು ದಿನ ಆದ ಮೇಲೆ ತಾನೇ ಹೋಗುತ್ತದೆ. ಪ್ರಿಂಟರ್, ಟ್ಯಾಲಿ ಎಲ್ಲ ನಡೆಯುತ್ತಾ ಅಂತ ಅಷ್ಟರಲ್ಲಿ ನೋಡಿಕೊಳ್ಳಿ.

ಸೋಮವಾರಪೇಟೆ ಮೇಷ್ಟ್ರು

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನನ್ನದು ವಿಂಡೋಸ್ 10. 60 ಜಿಬಿ ಖಾಲಿ ಇದೆ. ಆದರೂ 2024ರ ಜನವರಿಯಿಂದ ಒಂದು ಅಪ್‌ಡೇಟ್ ಆಗಾಗ ಫೇಲ್ ಆಗುತ್ತಿತ್ತು. ಕೋಡ್ 80070643. ಜಾಗ ಇದ್ದರೂ ಯಾಕೆ ಹೀಗೆ?

ಕುಶಾಲನಗರ ರಿಪೇರಿ

ಮೇಷ್ಟ್ರೇ, ಅದಕ್ಕೆ ಬೇಕಿರುವ ಜಾಗ ಸಿ ಡ್ರೈವ್‌ನದ್ದಲ್ಲ. ವಿಂಡೋಸ್ ಕೆಟ್ಟಾಗ ರಿಪೇರಿಗೆ ಅಂತ ಕಣ್ಣಿಗೆ ಕಾಣದ ಒಂದು ಸಣ್ಣ ಪಾರ್ಟಿಷನ್ ಇರುತ್ತದೆ, ರಿಕವರಿ ಪಾರ್ಟಿಷನ್ ಅಂತ. ಆ ಜನವರಿಯ ಅಪ್‌ಡೇಟಿಗೆ ಅದರೊಳಗೆ 250 ಎಂಬಿ ಖಾಲಿ ಬೇಕಿತ್ತು. ಎಷ್ಟೋ ಯಂತ್ರಗಳಲ್ಲಿ ಅಷ್ಟು ಇರಲಿಲ್ಲ. ಸಿ ಡ್ರೈವ್‌ನಲ್ಲಿ ಎಷ್ಟು ಅಳಿಸಿದರೂ ಪ್ರಯೋಜನ ಇಲ್ಲ. ಪಾರ್ಟಿಷನ್ ಹಿಗ್ಗಿಸುವ ಕೆಲಸ ಗೊತ್ತಿಲ್ಲದೆ ಮಾಡಿದರೆ ಡೇಟಾ ಹೋಗುತ್ತದೆ. ಗೊತ್ತಿರುವವರ ಹತ್ತಿರ ಮಾಡಿಸಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರ 11ಕ್ಕೆ ಹೊಂದುತ್ತದಾ ಅಂತ ಮೊದಲು ನೋಡಿ, ಅದರ ಮೇಲೆ ಯೋಚನೆ ಮಾಡೋಣ. ಬೇರೆ ಪ್ರಶ್ನೆಯಾಗಿ ಹಾಕಿ, ಬರೆಯುತ್ತೇನೆ.

ತೋಟದಲೆಕ್ಕ, ಸಿದ್ದಾಪುರ

ಆಯಿತು! ಶುಕ್ರವಾರ ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ ಬಂದು ಸಂಜೆ ಏಳಕ್ಕೆ ಶುರು ಮಾಡಿದೆ. ಕ್ಯಾಮೆರಾದ 37 ಜಿಬಿ ಹೊರಗೆ ಹೋದ ಮೇಲೆ 49 ಜಿಬಿ ಖಾಲಿ ಇತ್ತು. ಹೈಬರ್ನೇಟ್ ಮುಟ್ಟಲೇ ಇಲ್ಲ. ಇಳಿಸಿದ ಫೈಲು ಹಾಗೇ ಇದ್ದಿದ್ದರಿಂದ ಡೇಟಾ ಹೆಚ್ಚು ಹೋಗಲಿಲ್ಲ. ಎಂಟೂಕಾಲಿಗೆ ಕರೆಂಟ್ ಹೋಯಿತು. ಯುಪಿಎಸ್ ಕೂಗುತ್ತಿತ್ತು, ಪರದೆಯಲ್ಲಿ 62 ಶೇಕಡ. ನಾನು ದೇವರ ಮನೆ ಹತ್ತಿರ ಹೋಗಿ ನಿಂತುಬಿಟ್ಟೆ. ಹತ್ತು ನಿಮಿಷದಲ್ಲಿ ಬಂತು. ಒಂಬತ್ತೂವರೆಗೆ 25ಎಚ್2 ಅಂತ ತೋರಿಸಿತು.

ಶನಿವಾರ ಬಟವಾಡೆ ಎಂದಿನ ಹಾಗೆ ನಡೆಯಿತು. ಪ್ರಿಂಟರ್ ಸರಿ ಇದೆ. ವಿಂಡೋಸ್ ಓಲ್ಡ್ ಬಂದಿದೆ, ಹಾಗೇ ಬಿಟ್ಟಿದ್ದೇನೆ. ಕ್ಯಾಮೆರಾಕ್ಕೆ ಮೂವತ್ತು ದಿನದ ಮಿತಿ ಹಾಕಿದೆ.

ಆನೆಯ ಹನ್ನೊಂದು ಕ್ಲಿಪ್‌ಗಳ ತಾರೀಕು, ಹೊತ್ತು ಬರೆದು ಮಳೆ ಲೆಕ್ಕದ ಫೈಲಿನಲ್ಲೇ ಒಂದು ಹೊಸ ಹಾಳೆ ಮಾಡಿದೆ. ಮಾವನ ಅಂಕಣಗಳ ಪಕ್ಕದಲ್ಲೇ ಇದೆ. ಅದರಲ್ಲಿ ಏಳು ಮಳೆ ಇಲ್ಲದ ದಿನದ್ದು. ಸಿದ್ದಾಪುರ, ಪಾಲಿಬೆಟ್ಟ ಕಡೆಯ ತೋಟದವರು ಯಾರಾದರೂ ಹೀಗೆ ಬರೆದಿಟ್ಟಿದ್ದರೆ ತಿಳಿಸಿ, ಜೋಡಿಸಿ ನೋಡೋಣ.