ಅಪ್‌ಡೇಟ್: ನಾಡಿ 150ರಲ್ಲೇ ನಿಂತಿದ್ದಕ್ಕೆ ಕಾರಣ ಸಿಕ್ಕಿತು
ಸುಮ್ನೆ ಕೂತಿದ್ದರೂ ನಾಡಿ 150 ಇರುತ್ತೆ, ಇದು ಬರೀ ಗಾಬರಿಯಾ ಎಂದು ಕೇಳಿದ್ದೆ ಅಲ್ವಾ? ಗಾಬರಿ ಅಲ್ಲ. ಇಸಿಜಿಯಲ್ಲಿ ಗರಗಸದ ಹಲ್ಲಿನಂಥ ಅಲೆಗಳು ಕಂಡವು. ಏಟ್ರಿಯಲ್ ಫ್ಲಟರ್ ಎಂದರು. ಹೃದಯದ ಮೇಲಿನ ಕೋಣೆಯಲ್ಲಿ ವಿದ್ಯುತ್ ಸಂಕೇತ ಒಂದೇ ಸುತ್ತಿನಲ್ಲಿ ಸಿಕ್ಕಿಕೊಂಡು, ನಿಮಿಷಕ್ಕೆ ಸುಮಾರು 300 ಸಲ ತಿರುಗುತ್ತಿತ್ತಂತೆ. ಎರಡರಲ್ಲಿ ಒಂದು ಮಾತ್ರ ಕೆಳಗಿನ ಕೋಣೆಗೆ ದಾಟುತ್ತಿತ್ತು. ಅದಕ್ಕೇ ಆ 150! ಲೆಕ್ಕ ಗೊತ್ತಾದ ಮೇಲೆ ಅರ್ಧ ಭಯ ಹೋಯಿತು.

ಹೋದ ತಿಂಗಳು ಅಬ್ಲೇಷನ್ ಆಯಿತು. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ತೂರಿಸಿ, ಆ ಸುತ್ತುದಾರಿಯನ್ನು ಸುಟ್ಟು ಮುಚ್ಚಿದರು. ಈಗ ನಾಡಿ 72. ಬಡಿತ ಸರಿಹೋಯ್ತಲ್ಲ, ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ಬಿಡೋಣ ಅಂದುಕೊಂಡಿದ್ದೆ. ಪಾರ್ಶ್ವವಾಯುವಿನ ಅಪಾಯ ಇನ್ನೂ ಇದೆ, ಹೇಳುವ ತನಕ ಬಿಡಬೇಡಿ ಎಂದು ಡಾಕ್ಟರ್ ಗದರಿದರು. ನುಂಗುತ್ತಿದ್ದೇನೆ.