ಗಬ್ಬದ ಕುರಿಗಳಿಗೆ ಕೊನೆಯ ಒಂದೂವರೆ ತಿಂಗಳು ಏನು ಕೊಡಬೇಕು?

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ಕುರಿಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮಂದೆಯಲ್ಲಿ 22 ಕೆಂಗುರಿಗಳು ಗಬ್ಬವಾಗಿದ್ದು, ಇನ್ನು ಒಂದೂವರೆ ತಿಂಗಳಿನಲ್ಲಿ ಈಯುವ ಲೆಕ್ಕವಿದೆ. ಹಗಲು ಕೊಯ್ದ ಹೊಲಗಳಲ್ಲಿ ಮೇಯುತ್ತವೆ, ರಾತ್ರಿ ಜೋಳದ ಸೊಪ್ಪೆ ಹಾಕುತ್ತೇವೆ. ಕಳೆದ ವರ್ಷ ಈಯಲು ಹತ್ತು ಹದಿನೈದು ದಿನ ಉಳಿದಿರುವಾಗ ಎರಡು ಕುರಿಗಳು ಮೇವು ಬಿಟ್ಟವು, ಕಣ್ಣು ಕಾಣದವುಗಳಂತೆ ಗೋಡೆಗೆ ತಲೆಯೊತ್ತಿ ನಿಂತವು, ಮೂರನೆಯ ದಿನ ಮಲಗಿದಲ್ಲಿಯೇ ಸತ್ತವು. ಎರಡರ ಹೊಟ್ಟೆಯಲ್ಲೂ ಅವಳಿ ಮರಿಗಳಿದ್ದವು. ಅದನ್ನು ಮತ್ತೆ ನೋಡುವ ಶಕ್ತಿ ನನಗಿಲ್ಲ. ಅಂಗಡಿಯವರು ಕ್ಯಾಲ್ಸಿಯಂ ಟಾನಿಕ್ ಕುಡಿಸಲು ಹೇಳಿದ್ದಾರೆ. ಎಮ್ಮೆಗೆಂದು ತಂದ ಲವಣ ಮಿಶ್ರಣವೂ ಮನೆಯಲ್ಲಿದೆ. ಇವೆರಡನ್ನು ಕೊಟ್ಟರೆ ಸಾಕಾಗುವುದೇ?

ಉತ್ತರ: ಮಸ್ಕಿ ಕಡೆಯ ಹಿರಿಯ ಕುರಿಗಾರ

ತಮ್ಮಾ, ಟಾನಿಕ್ ಬಾಟಲಿಗೆ ಹಾಕುವ ದುಡ್ಡನ್ನು ಮೊದಲು ಮೆಕ್ಕೆಜೋಳಕ್ಕೆ ಹಾಕು. ನಾನು ಗಬ್ಬದ ಕುರಿಗಳನ್ನು ಸಂಜೆ ಬೇರೆ ಕಟ್ಟಿ, ಮೆಕ್ಕೆಜೋಳದ ನುಚ್ಚು, ಗೋಧಿ ಬೂಸಾ ಮತ್ತು ಶೇಂಗಾ ಹಿಂಡಿಯನ್ನು ಕಲಸಿ ಇಡುತ್ತೇನೆ. ಸೊಪ್ಪೆಯ ಜೊತೆಗೆ ಶೇಂಗಾ ಹೊಟ್ಟು ಅಥವಾ ತೊಗರಿ ಹೊಟ್ಟು ಹಾಕುತ್ತೇನೆ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅದನ್ನು ಯಾವ ಕಾರಣಕ್ಕೂ ಹಾಕಬೇಡ, ಆ ವಿಷ ಯಕೃತ್ತನ್ನೇ ಕೆಡಿಸುತ್ತದೆ. ಬಳ್ಳಾರಿ ಜಾಲಿಯ ಕಾಯಿ ಸಿಹಿಯಾಗಿರುವುದರಿಂದ ಕುರಿಗಳು ಆಸೆಪಟ್ಟು ತಿನ್ನುತ್ತವೆ. ಸ್ವಲ್ಪ ತಿಂದರೆ ಒಳ್ಳೆಯದೇ, ಆದರೆ ಅದನ್ನೇ ಹೊಟ್ಟೆ ತುಂಬ ಮೇಯಲು ಬಿಡಬೇಡ.

ಉತ್ತರ: ಬಳ್ಳಾರಿ ಜಿಲ್ಲೆಯ ಪಶುವೈದ್ಯ

ಮೇಲಿನ ಹಿರಿಯರ ಮಾತು ಸರಿಯಾಗಿದೆ. ತಾವು ವರ್ಣಿಸಿದ ಲಕ್ಷಣಗಳು ಗರ್ಭದ ನಂಜು ಎಂಬ ಕಾಯಿಲೆಗೆ ಹೊಂದುತ್ತವೆ. ಕುರಿಯ ಗರ್ಭಾವಧಿ ಸುಮಾರು 150 ದಿನಗಳು. ಮರಿಯ ಹುಟ್ಟುತೂಕದ ಸುಮಾರು ಶೇ. 70ರಷ್ಟು ಕೊನೆಯ ಆರು ವಾರಗಳಲ್ಲಿಯೇ ಬೆಳೆಯುತ್ತದೆ. ಅದೇ ಸಮಯದಲ್ಲಿ ಮರಿಗಳು ಹೊಟ್ಟೆಯ ಜಾಗವನ್ನು ಆಕ್ರಮಿಸುವುದರಿಂದ ತಾಯಿಗೆ ಹೆಚ್ಚು ಸೊಪ್ಪೆ ತಿನ್ನಲು ಆಗುವುದಿಲ್ಲ, ತಿಂದ ಸೊಪ್ಪೆಯಲ್ಲಿಯೂ ಶಕ್ತಿ ಕಡಿಮೆ. ಆಗ ಅದು ತನ್ನ ಮೈಯ ಕೊಬ್ಬನ್ನೇ ವೇಗವಾಗಿ ಕರಗಿಸಿಕೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ಇಳಿದು, ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಎಂಬ ವಸ್ತು ಏರುತ್ತದೆ, ಮಿದುಳಿಗೆ ಆಹಾರ ಸಿಗದೆ ಕುರಿ ಕುರುಡಾದಂತೆ ವರ್ತಿಸುತ್ತದೆ. ಅತಿಯಾಗಿ ಕೊಬ್ಬಿದ ಕುರಿಗಳಿಗೂ ಇದು ಬರುತ್ತದೆ.

ಎಮ್ಮೆಯ ಲವಣ ಮಿಶ್ರಣದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಅದರಲ್ಲಿರುವ ತಾಮ್ರದ ಪ್ರಮಾಣ ದನ, ಎಮ್ಮೆಗಳಿಗೆ ತಕ್ಕಂತೆ ಇರುತ್ತದೆ. ಕುರಿಯ ದೇಹ ತಾಮ್ರವನ್ನು ಹೊರಹಾಕುವುದರಲ್ಲಿ ದುರ್ಬಲವಾದ್ದರಿಂದ ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂಡಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕಣ್ಣಿನ ಪೊರೆ ಹಳದಿಯಾಗಿ, ಮೂತ್ರ ಕಂದುಗೆಂಪಾಗುವ ಹೊತ್ತಿಗೆ ಕೈಮೀರಿರುತ್ತದೆ. ಕುರಿಗಳಿಗೆಂದೇ ತಯಾರಿಸಿದ ಮಿಶ್ರಣವನ್ನು ಮಾತ್ರ ಕೊಂಡು, ದಿನಕ್ಕೆ ಒಂದಕ್ಕೆ ಸುಮಾರು 10 ಗ್ರಾಂನಂತೆ ಕೊಡಿರಿ.

ಕ್ಯಾಲ್ಸಿಯಂ ಕೊರತೆಯೂ ಸುಳ್ಳಲ್ಲ. ಹಸುವಿಗೆ ಅದು ಸಾಮಾನ್ಯವಾಗಿ ಕರು ಹಾಕಿದ ಮೇಲೆ ಬಂದರೆ, ಕುರಿಗೆ ಹೆಚ್ಚಾಗಿ ಈಯುವ ಮೊದಲೇ ಬರುತ್ತದೆ. ನಡುಗಿ ಕುಸಿದ ಕುರಿ ಕ್ಯಾಲ್ಸಿಯಂ ಚುಚ್ಚುಮದ್ದಿಗೆ ಬೇಗ ಚೇತರಿಸಿಕೊಂಡರೆ ರೋಗ ಅದೇ ಎಂದು ತಿಳಿಯಬಹುದು.

ಮರುಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ಕುರಿಗಾರ

ಎಮ್ಮೆಯ ಚೀಲವನ್ನು ಇಂದೇ ಬೇರೆ ಇಡುತ್ತೇನೆ. ಒಂದು ಕುರಿಗೆ ಎಷ್ಟು ಕಾಳು ಹಾಕಬೇಕು? ಯಾವುದರ ಹೊಟ್ಟೆಯಲ್ಲಿ ಅವಳಿ ಇವೆಯೆಂದು ನನಗೆ ತಿಳಿಯುವುದಿಲ್ಲವಲ್ಲ, ಸರ್?

ಉತ್ತರ: ಬಳ್ಳಾರಿ ಜಿಲ್ಲೆಯ ಪಶುವೈದ್ಯ

ಸ್ಕ್ಯಾನಿಂಗ್ ಇಲ್ಲದೆ ಖಚಿತವಾಗಿ ತಿಳಿಯದು. ಆದುದರಿಂದ ಕೈಯಿಂದ ಬೆನ್ನೆಲುಬನ್ನು ಮುಟ್ಟಿ ನೋಡಿರಿ. ಮೂಳೆ ಚೂಪಾಗಿ ಸಿಗುವ ಕುರಿಗಳನ್ನು ಮತ್ತು ಹೊಟ್ಟೆ ಬಹಳ ಕೆಳಗೆ ಜೋತುಬಿದ್ದವುಗಳನ್ನು ಬೇರ್ಪಡಿಸಿ ಅವುಗಳಿಗೆ 300 ಗ್ರಾಂ, ಉಳಿದವುಗಳಿಗೆ 200 ಗ್ರಾಂ ದಾಣಿ (ಹಿರಿಯರು ಹೇಳಿದ ನುಚ್ಚು, ಬೂಸಾ, ಹಿಂಡಿಯ ಮಿಶ್ರಣ) ಹಾಕಿರಿ. ಒಂದೇ ಮರಿಯಿರುವ ಕುರಿಗೆ ಅತಿಯಾಗಿ ಹಾಕಿದರೆ ಮರಿ ದಪ್ಪವಾಗಿ ಈಯುವಾಗ ಕಷ್ಟವಾಗುತ್ತದೆ. ಸರಾಸರಿ 250 ಗ್ರಾಂ ಹಿಡಿದರೂ 22 ಕುರಿಗಳಿಗೆ ದಿನಕ್ಕೆ ಐದೂವರೆ ಕಿಲೋ, 45 ದಿನಕ್ಕೆ ಸುಮಾರು ಎರಡೂವರೆ ಕ್ವಿಂಟಲ್ ಬೇಕಾಗುತ್ತದೆ. ಮೊದಲ ದಿನ 50 ಗ್ರಾಂನಿಂದ ಆರಂಭಿಸಿ ಎರಡು ವಾರಗಳಲ್ಲಿ ಏರಿಸಿರಿ, ಇಲ್ಲದಿದ್ದರೆ ಹೊಟ್ಟೆ ಹುಳಿಯಾಗುತ್ತದೆ. ಕರುಳುಬೇನೆಯ ಲಸಿಕೆ ಆಗಿಲ್ಲದಿದ್ದರೆ ಈಯುವುದಕ್ಕೆ ಎರಡರಿಂದ ನಾಲ್ಕು ವಾರ ಮುಂಚೆ ಹಾಕಿಸಿರಿ. ತಾಯಿಯ ಗಿಣ್ಣುಹಾಲಿನ ಮೂಲಕ ಮರಿಗಳಿಗೂ ರಕ್ಷಣೆ ದೊರೆಯುತ್ತದೆ.

ಯಾವುದಾದರೂ ಕುರಿ ಒಂದು ಹೊತ್ತು ದಾಣಿ ಬಿಟ್ಟರೆ ಮರುದಿನದವರೆಗೆ ಕಾಯದೆ ವೈದ್ಯರನ್ನು ಕರೆಸಿರಿ. ಅವರು ಹೇಳಿದರೆ ಪ್ರೊಪಿಲೀನ್ ಗ್ಲೈಕಾಲ್ ಎಂಬ, ಶಕ್ತಿ ಕೊಡುವ ದ್ರವವನ್ನು 60 ಮಿ.ಲೀ.ನಂತೆ ದಿನಕ್ಕೆ ಎರಡು ಬಾರಿ ಕುಡಿಸಬೇಕಾಗುತ್ತದೆ. ಆಗ ತಲೆಯನ್ನು ಮೇಲೆತ್ತದೆ, ಬಾಯಿಯ ಪಕ್ಕದಿಂದ ನಿಧಾನವಾಗಿ ಹಾಕಿರಿ, ದ್ರವ ಶ್ವಾಸಕೋಶಕ್ಕೆ ಇಳಿಯಬಾರದು.