‘ಬಲಗೊಳ್ಳು’ ಎಂಬುದಕ್ಕೆ ಎದುರು ಪದ ಏನು? (ಕುರಿನಾಯಿ ಪಂದ್ಯದ ಪದಗಳು)

ಬಳಗದ ಎಲ್ಲರಿಗೂ ನಮಸ್ಕಾರ.

ಕುರಿನಾಯಿಗೆ ಕೂಗಿ ಹೇಳುವ ಒಂದು ಜೋಡಿ ಪದ ಹುಡುಕುತ್ತಿದ್ದೇನೆ. ಒಂದು ಸಿಕ್ಕಿದೆ, ಅದರ ಜೊತೆಯದು ಸಿಕ್ಕಿಲ್ಲ. ಎಲ್ಲಿಗೆ ಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ.

ನನ್ನ ಅಕ್ಕನ ಮಗಳು ವೇಲ್ಸ್‌ನ ಗುಡ್ಡದ ಸೀಮೆಯಲ್ಲಿ ಒಂದು ಕುರಿ ಫಾರ್ಮಿನಲ್ಲಿ ಕೆಲಸಕ್ಕಿದ್ದಾಳೆ. ಶಿಕಾರಿಪುರದ ಹತ್ತಿರ ನಮ್ಮೂರಲ್ಲಿ ಎಮ್ಮೆಯ ಹಿಂದೆ ಓಡಾಡಿ ಬೆಳೆದವಳು. ಅವಳ ಹತ್ತಿರ ಎರಡೂವರೆ ವರ್ಷದ ಒಂದು ನಾಯಿ ಇದೆ, ಕುರಿ ಅಟ್ಟುವ ಬಾರ್ಡರ್ ಕೋಲಿ ಜಾತಿಯದು. ಹೆಸರು ನೆಲ್. ಆ ಕಡೆ ಹೆಣ್ಣುನಾಯಿಗೆ ಇಡುವ ಹೆಸರಂತೆ, ನಮ್ಮ ಮನೆಯಲ್ಲಿ ಮಾತ್ರ ಎಲ್ಲರೂ ‘ನೆಲ್ಲು ಹೇಗಿದೆ’ ಅಂತಲೇ ವಿಚಾರಿಸುತ್ತೇವೆ. ಈ ಚಳಿಗಾಲ ಅದನ್ನು ಮೊದಲ ಸಲ ಪಂದ್ಯಕ್ಕೆ ಇಳಿಸಿದ್ದಳು. ಈ ಪಂದ್ಯಗಳು ಅಲ್ಲಿ ಹಳೆಯವು. ಬ್ರಿಟನ್ನಿನ ಮೊದಲನೆಯದು ಎಂದು ಹೆಸರಾದದ್ದು ವೇಲ್ಸ್‌ನ ಬಾಲಾದಲ್ಲಿ 1873ರಲ್ಲಿ ನಡೆಯಿತು. ಅಂತರರಾಷ್ಟ್ರೀಯ ಕುರಿನಾಯಿ ಸಂಘ ಹುಟ್ಟಿದ್ದು 1906ರಲ್ಲಿ.

ಪಂದ್ಯದಲ್ಲಿ ನಾಯಿಯನ್ನು ಆಡಿಸುವವರು ಒಂದು ಗೂಟದ ಹತ್ತಿರ ನಿಂತಿರಬೇಕು. ದೂರದಲ್ಲಿ ನಾಲ್ಕೈದು ಕುರಿ ಬಿಡುತ್ತಾರೆ, ದೊಡ್ಡ ಪಂದ್ಯವಾದರೆ 400 ಗಜದಾಚೆಗೂ. ನಾಯಿ ಬಳಸಿಕೊಂಡು ಓಡಿ ಕುರಿಯ ಹಿಂದಕ್ಕೆ ಹೋಗಬೇಕು, ಅದಕ್ಕೆ 20 ಅಂಕ. ಬೆದರಿಸದೆ ಕುರಿಯನ್ನು ಕದಲಿಸಬೇಕು, 10. ನೇರ ಗೆರೆಯಲ್ಲಿ ಆಡಿಸುವವರ ಹತ್ತಿರ ತರಬೇಕು, 20. ಆಮೇಲೆ ಅವರಿಂದ ಆಚೆಗೆ ಅಟ್ಟಬೇಕು, 30. ಹಿಂಡು ಒಡೆಯುವುದಕ್ಕೆ 10, ರೊಪ್ಪಕ್ಕೆ ಕೂಡುವುದಕ್ಕೆ 10. ಒಟ್ಟು ನೂರು ಕೈಯಲ್ಲಿ ಕೊಟ್ಟು, ತಪ್ಪಿಗೆ ತಕ್ಕಂತೆ ಕಳೆಯುತ್ತ ಹೋಗುತ್ತಾರೆ. ಹೊಸ ನಾಯಿಗಳ ಪಂದ್ಯದಲ್ಲಿ ದೂರ ಕಡಿಮೆ, ಹಿಂಡು ಒಡೆಯುವುದನ್ನು ಬಹಳ ಕಡೆ ಬಿಟ್ಟೇಬಿಡುತ್ತಾರೆ.

ಈಗ ನನ್ನ ಪ್ರಶ್ನೆ. ನಾಯಿಗೆ ಮುಖ್ಯವಾಗಿ ಎರಡು ಕೂಗು. ‘ಕಮ್ ಬೈ’ ಅಂದರೆ ಗಡಿಯಾರದ ಮುಳ್ಳು ತಿರುಗುವ ಹಾಗೆ ಕುರಿಯನ್ನು ಸುತ್ತು. ‘ಅವೇ’ ಅಂದರೆ ಅದಕ್ಕೆ ತಿರುಗಾಮುರುಗ. ಇವನ್ನು ಸುಮ್ಮನೆ ‘ಎಡಕ್ಕೆ’, ‘ಬಲಕ್ಕೆ’ ಎಂದು ಕನ್ನಡಿಸಿಬಿಡಬಹುದು ಎಂದು ನಾನೂ ಅಂದುಕೊಂಡಿದ್ದೆ. ಅವಳು ಕಳಿಸಿದ ವಿಡಿಯೊ ನೋಡಿದ ಮೇಲೆ ಅದು ತಪ್ಪೆಂದು ಗೊತ್ತಾಯಿತು.

‘ಕಮ್ ಬೈ’ ಅಂದಳು. ನೆಲ್ ಅವಳ ಎಡಗಡೆಯಿಂದ ಹೊರಟು, ಅಗಲವಾಗಿ ಬಳಸಿ, ಕುರಿಗಳ ಹಿಂದೆ ಹೋಗಿ ನಿಂತಿತು. ಚೆನ್ನಾಗಿ ಕದಲಿಸಿತು. ಐದು ಕುರಿ ಸಾಲಾಗಿ ಇಳಿಜಾರಿನಲ್ಲಿ ಬರುತ್ತಿದ್ದವು. ಅರ್ಧ ದಾರಿಯಲ್ಲಿ ಅವು ಅವಳ ಬಲಗಡೆಗೆ ವಾಲತೊಡಗಿದವು. ನಾಯಿ ಆ ಬದಿಗೆ ಹೋಗಿ ತಡೆಯಬೇಕು. ಅವಳ ತಲೆಯಲ್ಲಿ ‘ಬಲ’ ಎಂದು ಬಂತು. ಬಲ ಎಂದರೆ ‘ಅವೇ’ ಎಂದು ಕಲಿತಿದ್ದಳು, ಯಾಕೆಂದರೆ ಪಕ್ಕದಲ್ಲಿರುವ ನಾಯಿಯನ್ನು ಬಲಗಡೆಯಿಂದ ಕಳಿಸುವಾಗಿನ ಕೂಗು ಅದು. ಹಾಗೇ ಕೂಗಿದಳು. ನಾಯಿ ಹೇಳಿದ್ದನ್ನೇ ಮಾಡಿತು, ಉಲ್ಟಾ ಬದಿಗೆ ಓಡಿತು. ಕುರಿಗಳು ಇನ್ನಷ್ಟು ಬಲಕ್ಕೆ ಹೋಗಿ, ದಾರಿಯಲ್ಲಿ ಹಾಯಬೇಕಿದ್ದ ಗೇಟು ತಪ್ಪಿಸಿಕೊಂಡವು. ‘ಚಿಕ್ಕಮ್ಮ, ನೆಲ್‌ದು ತಪ್ಪೇ ಇಲ್ಲ, ಗಾಬರಿಯಾದರೆ ನನಗೆ ಕನ್ನಡವೇ ಬರೋದು, ಎಡಬಲ ನನ್ನದು ಕೆಟ್ಟಿತು’ ಎಂದು ಬರೆದಿದ್ದಾಳೆ.

ನೋಡಿ, ನಾಯಿ ಕುರಿಯ ಹಿಂದೆ ಹೋದ ಮೇಲೆ ಅದೇ ‘ಕಮ್ ಬೈ’ ಅದನ್ನು ಆಡಿಸುವವಳ ಬಲಗಡೆಗೆ ತರುತ್ತದೆ. ಹೊರಡುವಾಗ ಎಡ, ಬರುವಾಗ ಬಲ. ಅಂದರೆ ಈ ಕೂಗಿಗೂ ಆಡಿಸುವವಳ ಕೈಗೂ ಸಂಬಂಧವಿಲ್ಲ, ಅದರ ನಡು ಕುರಿ. ನಾಯಿ ಎಲ್ಲೇ ಇರಲಿ, ‘ಕಮ್ ಬೈ’ ಅಂದಾಗ ಕುರಿ ಅದರ ಬಲಗಡೆಗೇ ಇರುತ್ತದೆ.

ಇದಕ್ಕೆ ನಮ್ಮಲ್ಲಿ ಪದವಿದೆ, ಹೊಸದಾಗಿ ಕಟ್ಟಬೇಕಾಗಿಲ್ಲ. ಬಲಗೊಳ್ಳು, ಬಲಬರು. ಹಳಗನ್ನಡದಲ್ಲಿ ‘ಬಲಗೊಂಡು’, ‘ಬಲವಂದು’. ದೇವರನ್ನೋ ಅಶ್ವತ್ಥವನ್ನೋ ಬಲಕ್ಕಿಟ್ಟುಕೊಂಡು ಸುತ್ತು ಬರುವುದು. ನಿಂತು ನೋಡುವವರ ಎಡಬಲವಲ್ಲ, ನಡುವಿನದಕ್ಕೂ ಸುತ್ತುವವರಿಗೂ ಇರುವ ಸಂಬಂಧ. ಇಂಗ್ಲಿಷಿನ ಆ ಕೂಗಿನಲ್ಲಿ ಈ ಅರ್ಥ ಮೇಲ್ನೋಟಕ್ಕೆ ಕಾಣುವುದೇ ಇಲ್ಲ. ನಮ್ಮ ಪದದಲ್ಲಿ ಅರ್ಥವೆಲ್ಲ ಅದೇ. ಇದು ಹೊಳೆದ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ.

ತೊಡಕು ಇರುವುದು ಎದುರು ಪದದಲ್ಲಿ. ‘ಎಡಗೊಳ್ಳು’, ‘ಎಡಬರು’ ಎಂದು ನಮ್ಮ ಕಡೆ ಯಾರೂ ಆಡುವುದನ್ನು ನಾನು ಕೇಳಿಲ್ಲ. ಅಪ್ರದಕ್ಷಿಣೆ ಇದೆ, ಆದರೆ ಅದು ಸಾವಿನ ಮನೆಯ ನೆನಪು ತರುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದು. ಅವಳು ಕೇಳುತ್ತಿರುವುದು ಬರೆಯುವುದಕ್ಕಲ್ಲ, ಕೂಗುವುದಕ್ಕೆ. ಬರುವ ಮರಿಯನ್ನು ಕನ್ನಡದ ಕೂಗಿನಲ್ಲೇ ಪಳಗಿಸುತ್ತಾಳಂತೆ. ನಾಯಿಗೆ ಭಾಷೆ ಯಾವುದಾದರೇನು, ಎರಡು ಕೂಗು ಗಾಳಿಯಲ್ಲೂ ಬೇರೆ ಬೇರೆಯಾಗಿ ಕೇಳಿದರೆ ಸಾಕು. ಪ್ರದಕ್ಷಿಣೆ, ಅಪ್ರದಕ್ಷಿಣೆ ನಡುವೆ ಇರುವುದು ಒಂದು ‘ಅ’. ಅದು ಗುಡ್ಡದ ಗಾಳಿಗೆ ಹಾರಿಹೋಗುತ್ತದೆ. ಒಂದರ ಸ್ವರ ಗಿಡ್ಡವಿದ್ದು ಇನ್ನೊಂದರದು ಎಳೆಯುವಂತಿರಬೇಕು. ‘ಬಲ್‌ಬಾ’ ಎಂದು ಕೂಗಿ ನೋಡಿದೆ, ಚೆನ್ನಾಗಿದೆ. ಅದರ ಎದುರಿಗೆ?

ಉಳಿದ ಕೂಗು ಕಷ್ಟವಲ್ಲ. ನಿಲ್ಲಿಸಲು ಎತ್ತಿಗೆ ಹೇಳುವ ‘ಹೋ’ ಇದೆ. ಕೆಲಸ ಮುಗಿಯಿತು, ಬಾ ಎನ್ನುವುದಕ್ಕೆ ಅವರು ‘ದಟ್ಲ್ ಡೂ’ ಅನ್ನುತ್ತಾರೆ. ನಮ್ಮ ‘ಸಾಕು, ಬಾ’ ಅದಕ್ಕಿಂತ ಹತ್ತಿರದ್ದು. ಸಾಕು ಎಂದರೆ ಮುಗಿಸು ಎಂದೂ ಆಯಿತು, ಸಲಹು ಎಂದೂ ಆಯಿತು.

ನಾಯಿಯನ್ನು ಏನೆಂದು ಕರೆಯುವುದು ಎಂಬುದೂ ಸಣ್ಣ ಮಾತಲ್ಲ. ‘ಕುರಿ ಕಾಯುವ ನಾಯಿ’ ಎಂದು ಬರೆದಿದ್ದೆ. ಭತ್ತ ಕೊಯ್ದ ಮೇಲೆ ಬಯಲುಸೀಮೆಯಿಂದ ಕುರಿಗಾಹಿಗಳು ಬಂದು ನಮ್ಮ ಗದ್ದೆಯಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತಾರೆ. ಅವರಲ್ಲಿ ಒಬ್ಬ ಹಿರಿಯರಿಗೆ ಫೋನಿನಲ್ಲಿ ವಿಡಿಯೊ ತೋರಿಸಿದೆ. ಅವರ ನಾಯಿಗಳು ರಾತ್ರಿ ತೋಳ, ಕಳ್ಳರಿಂದ ಮಂದೆ ಕಾಯುವಂಥವು. ಹಗಲು ಇವರು ಮುಂದೆ ನಡೆದರೆ ಕುರಿ ಹಿಂದೆ ಬರುತ್ತವೆ. ಕೊನೆಯವರೆಗೂ ಮಾತಾಡದೆ ನೋಡಿ, ‘ಇದು ಕಾಯೋ ನಾಯಿ ಅಲ್ರೀ, ತಿರುವೋ ನಾಯಿ’ ಅಂದರು. ‘ತಿರುವು’ ಎಂಬುದನ್ನು ಅಲ್ಲೇ ಬರೆದುಕೊಂಡೆ. ಅಡ್ಡ ಹೋಗಿ ಹಿಂಡನ್ನು ಮರಳಿಸುವುದು ಅದರಲ್ಲಿದೆ, ಕಾವಲು ಇಲ್ಲ.

ಅವರು ಮತ್ತೆ ಮತ್ತೆ ಹಾಕಿಸಿದ್ದು ರೊಪ್ಪದ ಭಾಗ. ಹುಡುಗಿ ಗೇಟಿನ ಹಗ್ಗ ಹಿಡಿದಿದ್ದಾಳೆ, ಬಿಡುವ ಹಾಗಿಲ್ಲ. ನಾಲ್ಕು ಕುರಿ ಬಾಯಿಗೆ ಬಂದಿವೆ. ಮುಖದ ಮೇಲೆ ಕಪ್ಪು ಚುಕ್ಕೆಯ ಐದನೆಯದು ತಿರುಗಿ ನಿಂತು ಮುಂಗಾಲು ಕುಟ್ಟುತ್ತದೆ. ನೆಲ್ ಒಂದು ಕಾಲು ಎತ್ತಿದ್ದು ಎತ್ತಿದ ಹಾಗೇ, ತಲೆ ತಗ್ಗಿಸಿ, ನೋಟ ನಟ್ಟು ನಿಂತಿದೆ. ಮುಂದೂ ಬರುವುದಿಲ್ಲ, ಹಿಂದೂ ಸರಿಯುವುದಿಲ್ಲ. ಕುರಿ ಇನ್ನೊಮ್ಮೆ ಕುಟ್ಟಿತು. ಆಮೇಲೆ ತಾನಾಗಿ ತಿರುಗಿ ಒಳಗೆ ಹೋಯಿತು. ಈ ನೋಟವನ್ನು ಅಲ್ಲಿ ಬರೀ ‘ಕಣ್ಣು’ ಅನ್ನುತ್ತಾರೆ. ನಮ್ಮಲ್ಲಿ ಕಣ್ಣು ಹಾಕುವುದು, ದೃಷ್ಟಿ ತಾಕುವುದು ಬೇರೆಯೇ ಆಗಿಬಿಡುವುದರಿಂದ ‘ನಟ್ಟನೋಟ’ ಎಂದು ಬರೆಯುತ್ತಿದ್ದೇನೆ. ರೊಪ್ಪವನ್ನು ‘ದೊಡ್ಡಿ’ ಎನ್ನಲಿಲ್ಲ, ನಮ್ಮ ಕಡೆ ದೊಡ್ಡಿ ಅಂದರೆ ಬೆಳೆ ಮೇಯ್ದ ದನವನ್ನು ದಂಡಕ್ಕೆ ಕೂಡಿಹಾಕುವ ಜಾಗ.

ಪಂದ್ಯಕ್ಕೆ ಹೊಸದಾದ ನಾಯಿಯನ್ನು ಅಲ್ಲಿ ‘ನಾವಿಸ್’ ಅನ್ನುತ್ತಾರೆ. ಅದಕ್ಕೆ ‘ಚೊಚ್ಚಲ ನಾಯಿ’ ಎಂದು ಗೆಳತಿಯೊಬ್ಬಳು ಸೂಚಿಸಿದಳು. ಪತ್ರಿಕೆಗಳಲ್ಲಿ ಚೊಚ್ಚಲ ಪಂದ್ಯ ನಡೆಯುತ್ತದೆ, ಸರಿ. ಆದರೆ ಊರಲ್ಲಿ ಹೇಳಿದರೆ ಎಷ್ಟು ಮರಿ ಹಾಕಿತು ಎಂದು ಕೇಳುತ್ತಾರೆ. ‘ಎಳೆನಾಯಿ’ ಕೂಡ ಒಪ್ಪುವುದಿಲ್ಲ. ಎಳೆಯ ನಾಯಿಗಳ ‘ನರ್ಸರಿ’ ಪಂದ್ಯಕ್ಕೆ ವಯಸ್ಸಿನ ಲೆಕ್ಕ, ನಾವಿಸ್ ಎನ್ನುವುದಕ್ಕೆ ಗೆದ್ದ ಲೆಕ್ಕ, ಐದು ವರ್ಷದ್ದೂ ನಾವಿಸ್ ಆಗಿರಬಹುದು. ‘ಪಳಗದ ನಾಯಿ’ ಅಂದರೆ ಅದಕ್ಕೆ ಅನ್ಯಾಯ, ಮನೆಯಲ್ಲಿ ಪಳಗಿಯೇ ಬಂದಿರುತ್ತದೆ. ಪಕ್ಕದ ಗದ್ದೆಯವರು ತಮ್ಮ ಹೊಸ ಎತ್ತಿನ ಬಗ್ಗೆ ‘ನೊಗ ಕಂಡೈತೆ, ಸಾಲು ಕಂಡಿಲ್ಲ’ ಅಂದದ್ದು ಕಿವಿಯಲ್ಲಿತ್ತು. ಅದರ ಮೇಲೆಯೇ ‘ಕಣ ಕಾಣದ ನಾಯಿ’ ಎಂದು ಇಟ್ಟುಕೊಂಡಿದ್ದೇನೆ. ಉದ್ದವಾಯಿತು ಎನ್ನುವವರು ಚಿಕ್ಕದು ಕೊಡಿ, ಸಂತೋಷದಿಂದ ಬದಲಿಸುತ್ತೇನೆ.

ಮತ್ತೆ ಮೊದಲ ಪ್ರಶ್ನೆಗೆ. ಕಣದಲ್ಲಿ ಮೇಟಿಯ ಸುತ್ತ ಹಂತಿ ಕಟ್ಟಿ ತುಳಿಸಿದವರು, ಆಲೆಮನೆಯಲ್ಲಿ ಗಾಣಕ್ಕೆ ಕೋಣ ಹೂಡಿದವರು, ಅಥವಾ ಅಂಥವರ ಮಕ್ಕಳು ಈ ಬಳಗದಲ್ಲಿ ಖಂಡಿತ ಇದ್ದೀರಿ. ಸುತ್ತುವ ಎತ್ತನ್ನು ಹಿಮ್ಮುಖವಾಗಿ ತಿರುಗಿಸಬೇಕಾದಾಗ ಏನೆಂದು ಕೂಗುತ್ತಿದ್ದರು? ಆ ಸುತ್ತಿಗೆ ಹೆಸರೇನು? ಸಾಗರ, ಸೊರಬ, ತೀರ್ಥಹಳ್ಳಿ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ, ಪದವನ್ನು ಅವರು ಉಚ್ಚರಿಸಿದ ಹಾಗೆಯೇ ಬರೆದು ತಿಳಿಸಿ. ಯಾವ ಸ್ವರ ಎಳೆಯುತ್ತಿದ್ದರು ಎಂಬುದನ್ನೂ ಬರೆಯಿರಿ. ಮರಿ ಬರುವುದು ಮುಂದಿನ ತಿಂಗಳು.